ಮುನ್ನೂರು ಗಜದ ಮಝಲ್‌ಲೋಡರ್: ಯಾವ ಕೋವಿ, ಯಾರಿಗೆ?

ಅಮೆರಿಕದ ಬಹುತೇಕ ರಾಜ್ಯಗಳು ಜಿಂಕೆ ಮತ್ತು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಬಿಲ್ಲು, ಮಝಲ್‌ಲೋಡರ್ ಮತ್ತು ತೋಟಾ ರೈಫಲ್‌ಗಳಿಗೆಂದು ಬೇರೆ ಬೇರೆ ಅವಧಿಗಳನ್ನು ಗೊತ್ತುಪಡಿಸಿವೆ. ನಳಿಗೆಯ ಬಾಯಿಯಿಂದಲೇ ಮದ್ದು ಗುಂಡು ತುಂಬಬೇಕಾದ ಮಝಲ್‌ಲೋಡರ್‌ನ ಅವಧಿಯಲ್ಲಿ ಕಾಡಿನಲ್ಲಿ ಜನಸಂದಣಿ ಕಡಿಮೆ, ಹಲವೆಡೆ ಲಾಟರಿಯಲ್ಲಿ ಪರವಾನಗಿ ಸಿಗುವ ಸಂಭವವೂ ಹೆಚ್ಚು. ಈ ಅವಧಿಯನ್ನೇ ನೆಚ್ಚಿಕೊಂಡ ಬೇಟೆಗಾರರಿಗೆ ಕಳೆದ ಕೆಲವು ವರ್ಷಗಳಿಂದ ತಯಾರಕರು ಒಂದು ಹೊಸ ಭರವಸೆಯನ್ನು ಮಾರುತ್ತಿದ್ದಾರೆ: ನೂರು, ನೂರೈವತ್ತು ಗಜಗಳ ಆಯುಧವೆಂದು ತಿಳಿದಿದ್ದ ಕೋವಿ ಈಗ ಮುನ್ನೂರು ಗಜದಾಚೆಗೂ ನಂಬಿಕೆಯಿಂದ ಹೊಡೆಯುತ್ತದೆ ಎಂಬುದು ಆ ಭರವಸೆ. ಅದು ಸುಳ್ಳಲ್ಲ. ಆದರೆ ಅದು ನಿಜವಾಗಲು ಕೋವಿಯ ಜೊತೆಗೆ ಗುಂಡು, ಮದ್ದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಗುರಿಸಾಧನ ಮತ್ತು ರಾಜ್ಯದ ನಿಯಮ ಇವೆಲ್ಲವೂ ಕೂಡಿಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸಾವಿರ ಡಾಲರಿನ ರೈಫಲ್ ಮುನ್ನೂರು ಡಾಲರಿನದಕ್ಕಿಂತ ಹೆಚ್ಚಿನ ಕೆಲಸವನ್ನೇನೂ ಮಾಡುವುದಿಲ್ಲ. ಈ ದೃಷ್ಟಿಯಿಂದಲೇ ಇಲ್ಲಿ ಸಿವಿಎ ಕಂಪನಿಯ ಪ್ಯಾರಾಮೌಂಟ್ ಮತ್ತು ಅಕ್ಯುರಾ ಎಲ್‌ಆರ್-ಎಕ್ಸ್ ರೈಫಲ್‌ಗಳನ್ನು ಮುಖ್ಯವಾಗಿಯೂ ಅವುಗಳ ಪ್ರತಿಸ್ಪರ್ಧಿಗಳನ್ನು ಅಗತ್ಯವಿದ್ದಷ್ಟೂ ಪರಿಶೀಲಿಸಿದ್ದೇನೆ.

ಇಂದಿನ ಈ ಕೋವಿಗಳ ವಂಶವೃಕ್ಷ ಬಹಳ ಹಳೆಯದೇನಲ್ಲ. ಮಿಸೌರಿ ರಾಜ್ಯದ ಟೋನಿ ನೈಟ್ 1985ರಲ್ಲಿ ಹೊರತಂದ ಎಂಕೆ-85 ಎಂಬ ರೈಫಲ್, ಕೇಪನ್ನು ನಳಿಗೆಯ ಪಕ್ಕದಿಂದ ತೆಗೆದು ನೇರವಾಗಿ ಮದ್ದಿನ ಹಿಂದೆ, ಒಂದೇ ಸಾಲಿನಲ್ಲಿ ಕೂರಿಸುವ ‘ಇನ್‌ಲೈನ್’ ವಿನ್ಯಾಸವನ್ನು ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ನೆಲೆಗೊಳಿಸಿತು. ಬೆಂಕಿ ಸುತ್ತಿ ಬಳಸಿ ಹೋಗುವ ದಾರಿ ತಪ್ಪಿದ್ದರಿಂದ ತೇವದ ಬೆಳಗುಗಳಲ್ಲಿ ಈಡು ಹಾರದೆ ಉಳಿಯುವ ಹಳೆಯ ಕಾಟ ಬಹುಮಟ್ಟಿಗೆ ತೊಲಗಿತು. ಮುಂದೆ ಶಾಟ್‌ಗನ್ ತೋಟೆಗಳಿಗೆ ಬಳಸುವ, ಹೆಚ್ಚು ಬಿರುಸಿನ ಕಿಡಿ ಕೊಡುವ 209 ಪ್ರೈಮರ್ ಸಣ್ಣ ಕೇಪಿನ ಜಾಗಕ್ಕೆ ಬಂತು. ಥಾಂಪ್ಸನ್ ಸೆಂಟರ್ ಕಂಪನಿಯ ಎನ್‌ಕೋರ್ ಮತ್ತು ಒಮೇಗಾ ಮಾದರಿಗಳು ಅದನ್ನು ಮನೆಮಾತಾಗಿಸಿದವು. 2019ರ ಹೊತ್ತಿಗೆ ಪ್ಯಾರಾಮೌಂಟ್ ಬಂದಾಗ ಬದಲಾದದ್ದು ಬೆಂಕಿ ಹೊತ್ತಿಸುವ ಬಗೆಗಿಂತ ಹೆಚ್ಚಾಗಿ ಗುಂಡಿನ ಆಕಾರ.

ಆದರೂ ಗುಂಡಿನ ಮಾತಿಗೆ ಮೊದಲು ನಿಯಮದ ಮಾತು ಬರಬೇಕು, ಏಕೆಂದರೆ ಈ ವಿಷಯದಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಇಲ್ಲೇ. ಕೊಲೊರಾಡೊದ ಮಝಲ್‌ಲೋಡರ್ ಅವಧಿಯಲ್ಲಿ ಸ್ಕೋಪ್ (ರೈಫಲ್ ಮೇಲೆ ಕೂರಿಸುವ ಗುರಿದೂರ್ಬೀನು) ನಿಷಿದ್ಧ, ಸ್ಯಾಬೊ ಎನ್ನುವ ಪ್ಲಾಸ್ಟಿಕ್ ತೊಟ್ಟಿಲಿನಲ್ಲಿ ಕೂತ ಗುಂಡು ನಿಷಿದ್ಧ, ಗುಳಿಗೆ ರೂಪದ ಮದ್ದು ನಿಷಿದ್ಧ, ಇಂದಿನ ತೋಟೆಗಳಲ್ಲಿರುವ ಹೊಗೆರಹಿತ ಮದ್ದಂತೂ ನಿಷಿದ್ಧವೇ. ಜಿಂಕೆಗೆ ಕನಿಷ್ಠ .40 ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ಒಳವ್ಯಾಸ) ಸಾಕು, ಆದರೆ ಎಲ್ಕ್ ಮತ್ತು ಮೂಸ್‌ಗೆ ಕನಿಷ್ಠ .50 ಬೇಕು. ಅಂದರೆ, ದೂರದ ಹೊಡೆತಕ್ಕೆ ಅತ್ಯುತ್ತಮವೆಂದು ಹೆಸರಾದ .45 ಪ್ಯಾರಾಮೌಂಟ್ ಕೊಂಡು ಎಲ್ಕ್ ಬೇಟೆಗೆಂದು ಕೊಲೊರಾಡೊಗೆ ಹೊರಟವನು ಅಲ್ಲಿ ಅದನ್ನು ಚೀಲದಿಂದ ಹೊರತೆಗೆಯುವಂತಿಲ್ಲ. ಸಿವಿಎ ಕಂಪನಿ ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ನೋಡುವ ಗುರಿಸಾಧನ) ಅಳವಡಿಸಿದ .50 ಕ್ಯಾಲಿಬರಿನ ‘ಕೊಲೊರಾಡೊ’ ಆವೃತ್ತಿಯನ್ನು ಪ್ರತ್ಯೇಕವಾಗಿ ತಯಾರಿಸಿದ್ದರ ಹಿಂದಿನ ಕಾರಣ ಇದೇ. ಐಡಾಹೊದ ಮೀಸಲು ಅವಧಿಗಳು ಇನ್ನೂ ಬಿಗಿ: ಸ್ಕೋಪ್ ಇಲ್ಲ, ಸ್ಯಾಬೊ ಇಲ್ಲ, ಕೇಪು ಹೊರಗೆ ತೆರೆದುಕೊಂಡೇ ಇರಬೇಕು, 209 ಪ್ರೈಮರ್ ಸಲ್ಲದು. ನ್ಯೂ ಮೆಕ್ಸಿಕೊ 2023ರಿಂದ ಸ್ಕೋಪ್‌ಗಳನ್ನು ಕೈಬಿಟ್ಟಿದೆ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ನಂತರದ ಅವಧಿ 1974ರಿಂದಲೂ ಚಕಮಕಿ ಕೋವಿಗಳಿಗೆ ಮಾತ್ರ ಮೀಸಲು. ಇತ್ತ ಮಧ್ಯ ಪಶ್ಚಿಮದ ಮತ್ತು ದಕ್ಷಿಣದ ಅನೇಕ ರಾಜ್ಯಗಳಲ್ಲಿ ಸ್ಕೋಪ್, ಸ್ಯಾಬೊ, 209 ಎಲ್ಲಕ್ಕೂ ಅವಕಾಶವಿದೆ. ಈ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ಕೈಪಿಡಿಯನ್ನು ಓದಿಯೇ ಅಂಗಡಿಯ ಕಡೆ ಹೆಜ್ಜೆ ಹಾಕಬೇಕು.

ಸ್ಕೋಪ್ ಇಲ್ಲದ ರಾಜ್ಯದಲ್ಲಿ ದೂರಗಾಮಿ ರೈಫಲ್‌ನ ಬೆಲೆ ಎಷ್ಟು ಎಂಬುದನ್ನು ಒಂದು ಸರಳ ಲೆಕ್ಕ ಹೇಳುತ್ತದೆ. ಮುಂಭಾಗದ ಗುರಿಮಣಿಯ ಅಗಲ ಒಂದೂವರೆ ಮಿಲಿಮೀಟರ್ ಎಂದುಕೊಳ್ಳಿ. ಅದು ಕಣ್ಣಿನಿಂದ ಸುಮಾರು 34 ಇಂಚು ದೂರದಲ್ಲಿದ್ದರೆ 100 ಗಜದಲ್ಲಿ ಆರು ಇಂಚಿಗೂ ಹೆಚ್ಚು ಜಾಗವನ್ನೂ 200 ಗಜದಲ್ಲಿ ಒಂದು ಅಡಿಗೂ ಹೆಚ್ಚು ಜಾಗವನ್ನೂ ಮುಚ್ಚಿಬಿಡುತ್ತದೆ. ಜಿಂಕೆಯ ಎದೆಗೂಡಿನ ಮರ್ಮಸ್ಥಾನ ಎಂಟು ಹತ್ತು ಇಂಚಿನದು. 200 ಗಜದಲ್ಲಿ ಬೇಟೆಗಾರನಿಗೆ ಕಾಣುವುದು ಜಿಂಕೆಯ ಮೈ ಮೇಲೆ ಕೂತ ಮಣಿಯೇ ಹೊರತು ಗುಂಡು ಬೀಳಬೇಕಾದ ಬಿಂದುವಲ್ಲ. ತೆಳುವಾದ ಮುಂಗುರಿ ಮತ್ತು ಒಳ್ಳೆಯ ಪೀಪ್ ಸೈಟ್ ಇದ್ದರೆ ಚಿತ್ರ ಸುಧಾರಿಸುತ್ತದೆ ನಿಜ. ಆದರೂ ಹೆಚ್ಚಿನವರ ಕಣ್ಣಿಗೆ 150 ಗಜ ಪ್ರಾಮಾಣಿಕ ಎಲ್ಲೆ. ಹೀಗಿರುವಾಗ ಅಂಥ ರಾಜ್ಯಗಳಲ್ಲಷ್ಟೇ ಬೇಟೆಯಾಡುವವರು ಮುನ್ನೂರು ಗಜದ ರೈಫಲ್‌ಗೆ ದುಡ್ಡು ತೆತ್ತರೆ, ತಮ್ಮ ಕಣ್ಣಿಗೆ ದಕ್ಕದ ದೂರವನ್ನು ಕೊಂಡಂತಾಗುತ್ತದೆ. ಅವರಿಗೆ ನನ್ನ ಸಲಹೆ ಸರಳವಾದದ್ದು: ನಿಯಮಕ್ಕೆ ಒಗ್ಗುವ .50 ಕ್ಯಾಲಿಬರಿನ ಯಾವುದಾದರೂ ಗಟ್ಟಿಮುಟ್ಟಾದ ಕೋವಿ ಕೊಂಡು, ಉಳಿದ ಹಣವನ್ನು ಗುರಿಸಾಧನಕ್ಕೂ ಅಭ್ಯಾಸಕ್ಕೂ ಹಾಕಿ.

ಸ್ಕೋಪ್‌ಗೆ ಅವಕಾಶವಿರುವ ರಾಜ್ಯದವರಿಗೆ ಮುಂದಿನ ಪ್ರಶ್ನೆ ಗುಂಡಿನದು, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಆಯ್ಕೆಯ ತಿರುಳೇ ಅದು. ಪ್ರಚಾರಪತ್ರಗಳು ಯಾವಾಗಲೂ ನಳಿಗೆಯ ಬಾಯಿಯಲ್ಲಿನ ವೇಗವನ್ನು ದಪ್ಪಕ್ಷರದಲ್ಲಿ ಅಚ್ಚುಹಾಕುತ್ತವೆ. ಆದರೆ ದೂರಕ್ಕೆ ಬೇಕಾದದ್ದು ಆ ವೇಗವನ್ನು ಉಳಿಸಿಕೊಳ್ಳುವ ಗುಣ. ಸಾಮಾನ್ಯ .50 ರೈಫಲ್‌ನಲ್ಲಿ ಸ್ಯಾಬೊ ಸಹಿತ ಬಳಸುವ 250 ಗ್ರೇನ್ (ಸುಮಾರು 16 ಗ್ರಾಂ) ಗುಂಡು ಮೂಲತಃ ಪಿಸ್ತೂಲಿನ ಗುಂಡಿನ ಹಾಗೆ ಗಿಡ್ಡವಾಗಿ, ದಪ್ಪವಾಗಿ ಇರುತ್ತದೆ. ಗಾಳಿಯನ್ನು ಸೀಳುವ ಅದರ ಸಾಮರ್ಥ್ಯದ ಅಂಕ, ಅಂದರೆ ಬ್ಯಾಲಿಸ್ಟಿಕ್ ಕೋಎಫಿಶಿಯಂಟ್, 0.2ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ಯಾರಾಮೌಂಟ್‌ಗೆಂದೇ ರೂಪಿಸಿದ 280 ಗ್ರೇನ್ ತೂಕದ .45 ಪವರ್‌ಬೆಲ್ಟ್ ಇಎಲ್‌ಆರ್ ಗುಂಡು ಉದ್ದವಾಗಿ, ಚೂಪಾಗಿ ಇದ್ದು, ಅದರ ಅಂಕವನ್ನು ತಯಾರಕರು 0.45ರ ಸಮೀಪವೆಂದು ಹೇಳುತ್ತಾರೆ.

ಈ ಅಂತರ ಬೇಟೆಯಲ್ಲಿ ಏನಾಗಿ ಪರಿಣಮಿಸುತ್ತದೆಂಬುದನ್ನು ನೋಡೋಣ. ಮೊದಲನೆಯದನ್ನು ಸೆಕೆಂಡಿಗೆ 2,000 ಅಡಿ ವೇಗದಲ್ಲಿಯೂ ಎರಡನೆಯದನ್ನು 2,200 ಅಡಿ ವೇಗದಲ್ಲಿಯೂ ಹೊರಡಿಸಿ, ಎರಡನ್ನೂ 100 ಗಜದಲ್ಲಿ ಮೂರು ಇಂಚು ಮೇಲೆ ತಾಗುವಂತೆ ಹೊಂದಿಸಿದರೆ, 300 ಗಜದಲ್ಲಿ ಸ್ಯಾಬೊ ಗುಂಡು ಸುಮಾರು ಎರಡೂವರೆ ಅಡಿ ಕೆಳಗೆ ಬೀಳುತ್ತದೆ. ಇಎಲ್‌ಆರ್ ಸುಮಾರು 16 ಇಂಚು ಕೆಳಗೆ. ಇಳಿತವನ್ನು ಸ್ಕೋಪ್ ತಿರುಗಿಸಿ ಸರಿಪಡಿಸಬಹುದು, ಅದೊಂದು ದೊಡ್ಡ ಸಮಸ್ಯೆಯಲ್ಲ. ನಿಜವಾದ ಸಮಸ್ಯೆ ಗಾಳಿ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅದೇ 300 ಗಜದಲ್ಲಿ ಸ್ಯಾಬೊ ಗುಂಡನ್ನು ಎರಡು ಅಡಿಗೂ ತುಸು ಹೆಚ್ಚು ಪಕ್ಕಕ್ಕೆ ತಳ್ಳಿದರೆ ಇಎಲ್‌ಆರ್ ಗುಂಡನ್ನು ತಳ್ಳುವುದು ಹತ್ತು ಇಂಚಿನಷ್ಟು. ಗಾಳಿಯ ಅಂದಾಜಿನಲ್ಲಿ ಮೂರು ನಾಲ್ಕು ಮೈಲಿಗಳ ತಪ್ಪು ಯಾರಿಗೂ ಆಗುತ್ತದೆ. ಆ ತಪ್ಪನ್ನು ಎರಡನೆಯ ಗುಂಡು ತಡೆದುಕೊಳ್ಳುತ್ತದೆ, ಮೊದಲನೆಯದು ಹೊಟ್ಟೆಗೆ ಬಡಿದ, ದಿನವಿಡೀ ಹುಡುಕಿದರೂ ಸಿಗದ ಜಿಂಕೆಯಾಗಿ ಮಾಡುತ್ತದೆ. ತಾಗುವ ಹೊತ್ತಿಗೆ ಉಳಿಯುವ ಶಕ್ತಿಯಲ್ಲೂ ಅಷ್ಟೇ ಅಂತರ: ಸ್ಯಾಬೊ ಗುಂಡಿನಲ್ಲಿ 200 ಗಜಕ್ಕೇ ಸಾವಿರ ಅಡಿ-ಪೌಂಡಿನಷ್ಟು ಉಳಿದರೆ, ಇಎಲ್‌ಆರ್‌ನಲ್ಲಿ 300 ಗಜದಲ್ಲೂ ಸಾವಿರದ ಎಂಟುನೂರರ ಆಸುಪಾಸು ಉಳಿದಿರುತ್ತದೆ. ಗುಂಡು ಹಾರುವ ಸಮಯದ ಮಾತೂ ಇದೆ. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಗಾಳಿಯಲ್ಲಿರುವ ಗುಂಡಿನ ಮುಂದೆ ಎಲ್ಕ್ ಒಂದು ಹೆಜ್ಜೆ ಇಟ್ಟರೂ ಎದೆಯ ಜಾಗಕ್ಕೆ ಹೊಟ್ಟೆ ಬಂದಿರುತ್ತದೆ.

ಉದ್ದನೆಯ ಗುಂಡಿಗೆ ಹೆಚ್ಚು ಗಿರಕಿ ಬೇಕು. ಬಟ್ಟೆ ಸುತ್ತಿದ ಉರುಟು ಗುಂಡಿನ ಹಳೆಯ ನಳಿಗೆಗಳಲ್ಲಿ 48 ಅಥವಾ 66 ಇಂಚಿಗೆ ಒಂದು ಸುತ್ತು ಸಾಕಾಗುತ್ತಿತ್ತು, ಸ್ಯಾಬೊ ಬಳಸುವ .50 ರೈಫಲ್‌ಗಳಲ್ಲಿ 28 ಇಂಚಿಗೆ ಒಂದು ಸುತ್ತು ರೂಢಿ; .45 ಪ್ಯಾರಾಮೌಂಟ್‌ನಲ್ಲಿ ಅದು 22 ಇಂಚಿಗೆ ಒಂದು. ಹೀಗಾಗಿ ದೂರಗಾಮಿ ಗುಂಡುಗಳನ್ನು ತಂದು ಹಳೆಯ ಕೋವಿಯಲ್ಲಿ ಹೊಡೆದು ನಿಖರತೆ ನಿರೀಕ್ಷಿಸುವುದು ವ್ಯರ್ಥ. ಗಿರಕಿಗಿಂತಲೂ ಸೂಕ್ಷ್ಮವಾದದ್ದು ಗುಂಡು ಮತ್ತು ನಳಿಗೆಯ ಹೊಂದಿಕೆ. ತೋಟಾ ರೈಫಲ್‌ನಲ್ಲಿ ಗುಂಡು ನಳಿಗೆಯ ಸುರುಳಿಗಿಂತ ತುಸು ದೊಡ್ಡದಾಗಿದ್ದು ಸ್ಫೋಟದ ಬಲದಿಂದ ಒಳಗೆ ಒತ್ತಿಕೊಂಡು ಹೋಗುತ್ತದೆ. ಮಝಲ್‌ಲೋಡರ್‌ನಲ್ಲಿ ಅದನ್ನು ಮನುಷ್ಯನ ಕೈಬಲವೇ ಬಾಯಿಯಿಂದ ಬುಡದವರೆಗೆ ತಳ್ಳಬೇಕು. ಬಿಗಿ ಹೆಚ್ಚಾದರೆ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ನಡೆಯುವಾಗಿನ ಕುಲುಕಾಟಕ್ಕೆ ಮದ್ದಿನಿಂದ ಮುಂದೆ ಜಾರುತ್ತದೆ. ಜಾರಿದ ಗುಂಡು ಗುರಿ ಕೆಡಿಸುವುದಷ್ಟೇ ಅಲ್ಲ, ನಳಿಗೆಯನ್ನೇ ಉಬ್ಬಿಸಿ ಒಡೆಯಬಲ್ಲದು. ಸ್ಯಾಬೊ ಇಲ್ಲದೆ ನೇರವಾಗಿ ಹೊಡೆಯುವ ತಾಮ್ರ ಹೊದಿಸಿದ ಗುಂಡುಗಳನ್ನು ಬಳಸುವವರು ಅದಕ್ಕೆಂದೇ ಅಚ್ಚಿನಲ್ಲಿ ತೂರಿಸಿ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತಮ್ಮ ನಳಿಗೆಗೆ ಹೊಂದಿಸಿಕೊಳ್ಳುತ್ತಾರೆ. ಇದು ಬೇಸರದ ಕೆಲಸ. ಆದರೆ ಗುರಿಹಲಗೆಯಲ್ಲಿ ಗುಂಡುಗಳು ಬೀಳುವ ಗುಂಪು ಮೂರು ಇಂಚಿನಿಂದ ಒಂದೂವರೆ ಇಂಚಿಗೆ ಇಳಿಯುವುದಾದರೆ ಅದು ಬಹುಪಾಲು ಈ ಬೇಸರದ ಕೆಲಸದಿಂದಲೇ.

ಪ್ಯಾರಾಮೌಂಟ್ ಈ ಬೇಸರವನ್ನು ಬಳಕೆದಾರನ ತಲೆಯಿಂದ ಇಳಿಸಿದ್ದೇ ಅದರ ದೊಡ್ಡ ಸಾಧನೆ ಎಂದು ನನ್ನ ಭಾವನೆ. ಸಿವಿಎ ತನ್ನ ರೈಫಲ್‌ಗಳನ್ನು ಸ್ಪೇನ್‌ನಲ್ಲಿ ತಯಾರಿಸಿ ತರುತ್ತದೆ. ಬೆರ್ಗಾರಾ ಹೆಸರಿನ ಆ ನಳಿಗೆಗಳು ತೋಟಾ ರೈಫಲ್ ಬಳಗದಲ್ಲೂ ಮನ್ನಣೆ ಪಡೆದಿವೆ. ಪ್ಯಾರಾಮೌಂಟ್‌ನಲ್ಲಿ ರೈಫಲ್, ಗುಂಡು ಮತ್ತು ಪ್ರೈಮರ್ ವ್ಯವಸ್ಥೆ ಒಂದಕ್ಕೊಂದು ಎಂಬಂತೆ ಒಟ್ಟಾಗಿ ರೂಪುಗೊಂಡಿರುವುದರಿಂದ ಪೆಟ್ಟಿಗೆ ತೆರೆದ ದಿನವೇ ಸರಿಸುಮಾರು ಸಿದ್ಧ ಜೋಡಿಯೊಂದು ಕೈಗೆ ಸಿಗುತ್ತದೆ. ಹಿಡಿ ಎತ್ತಿ ಹಿಂದಕ್ಕೆಳೆದು ತೆರೆಯುವ ಬೋಲ್ಟ್ ವಿನ್ಯಾಸ, ಸ್ಟಾಕ್ ಎನ್ನುವ ಹಿಡಿಕಟ್ಟಿಗೆ ಎಲ್ಲೂ ತಾಗದೆ ಸ್ವತಂತ್ರವಾಗಿ ನಿಂತ 26 ಇಂಚಿನ ನಳಿಗೆ, ತುಕ್ಕನ್ನು ತಡೆಯುವ ನೈಟ್ರೈಡ್ ಸಂಸ್ಕಾರ: ಇವೆಲ್ಲ ನಿಖರತೆಗೂ ಬಾಳಿಕೆಗೂ ನೇರ ಸಂಬಂಧವುಳ್ಳ ಸಂಗತಿಗಳು. ಸಾಮಾನ್ಯ ಮಝಲ್‌ಲೋಡರ್‌ನಲ್ಲಿ ಮದ್ದು ತುಂಬುವ ಸಲಾಕೆ ನಳಿಗೆಯ ಕೆಳಗೆ ಸಿಕ್ಕಿಕೊಂಡು ಅದರ ಕಂಪನವನ್ನು ಕೆಡಿಸುತ್ತದೆ. ಇಲ್ಲಿ ಮಡಚುವ ಸಲಾಕೆಯನ್ನು ಬೇರೆಯಾಗಿ ಒಯ್ಯುವಂತೆ ಮಾಡಿ ಆ ತೊಡಕನ್ನು ತೆಗೆದಿದ್ದಾರೆ.

ಹೊತ್ತಿಸುವ ವ್ಯವಸ್ಥೆಯೂ ಯೋಚಿಸಿ ಮಾಡಿದ್ದು. ವೇರಿಫ್ಲೇಮ್ ಎಂದು ಕರೆಯುವ ಪುಟ್ಟ ಲೋಹದ ಕವಚದೊಳಗೆ ತೋಟಾ ರೈಫಲ್‌ನ ದೊಡ್ಡ ಪ್ರೈಮರನ್ನು ಕೂರಿಸಿ ಬಳಸಬೇಕು. ಅದು ಕವಚದೊಳಗೆ ಬಿಗಿಯಾಗಿ ಕೂರುವುದರಿಂದ ಬೆಂಕಿ ಹಿಂದಕ್ಕೆ ನುಗ್ಗಿ ಬೋಲ್ಟ್‌ಗೆ ಮಸಿ ಬಳಿಯುವುದು ಬಹಳ ಕಡಿಮೆ, ಈಡಿನಿಂದ ಈಡಿಗೆ ವೇಗದ ಏರುಪೇರೂ ಕಡಿಮೆ. ಮುನ್ನೂರು ಗಜದಲ್ಲಿ ವೇಗ ಐವತ್ತು ಅಡಿ ಹೆಚ್ಚು ಕಡಿಮೆಯಾದರೂ ಗುಂಡು ಎರಡು ಇಂಚಿನಷ್ಟು ಮೇಲೆ ಕೆಳಗೆ ಬೀಳುವುದರಿಂದ ಈ ಸ್ಥಿರತೆ ಅಲಂಕಾರದ ಮಾತಲ್ಲ.

ಇನ್ನು ಕೊರತೆಗಳು. ಸ್ಕೋಪ್ ಇಲ್ಲದೆಯೇ ಒಂಬತ್ತು ಪೌಂಡಿನ ಆಸುಪಾಸಿನ ತೂಕ. ಅದನ್ನು ಹೊತ್ತು ಗುಡ್ಡ ಹತ್ತುವವನಿಗೆ ಸಂಜೆಯ ಹೊತ್ತಿಗೆ ಹೆಗಲು ಲೆಕ್ಕ ಒಪ್ಪಿಸುತ್ತದೆ. ಅಳತೆಗೊಳವೆಯ ಲೆಕ್ಕದಲ್ಲಿ, ಅಂದರೆ ತೂಕದಿಂದಲ್ಲದೆ ಗಾತ್ರದಿಂದ ಅಳೆದು, ಸುಮಾರು 160 ಗ್ರೇನ್ ಮದ್ದಿನ ಮೇಲೆ 280 ಗ್ರೇನ್ ಗುಂಡು ಕೂರಿಸಿದಾಗ ಹಿಂದೊದೆತ .300 ವಿಂಚೆಸ್ಟರ್ ಮ್ಯಾಗ್ನಂ ರೈಫಲ್ ಅನ್ನು ನೆನಪಿಸುವಷ್ಟಿದೆ, ಕೆಲವರಿಗೆ ಅದಕ್ಕಿಂತ ಹೆಚ್ಚೇ ಅನ್ನಿಸಬಹುದು. ಅಷ್ಟೊಂದು ಒದೆತವಿರುವ ಕೋವಿಯಲ್ಲಿ ಅಭ್ಯಾಸ ತಾನಾಗಿಯೇ ಕಡಿಮೆಯಾಗುತ್ತದೆ, ಅಭ್ಯಾಸ ಕಡಿಮೆಯಾದವನಿಗೆ ಮುನ್ನೂರು ಗಜದ ಹಕ್ಕಿಲ್ಲ. ಕೊರೆಯುವ ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಆ ಪುಟ್ಟ ಕವಚಗಳನ್ನು ನಿಭಾಯಿಸುವುದು ಕಷ್ಟ; ಬಳಸಿದ ಪ್ರೈಮರ್ ತೆಗೆದು ಹೊಸದನ್ನು ಒತ್ತಿ ಕೂರಿಸುವುದು ಮನೆಯಲ್ಲಿ ಮೇಜಿನ ಮುಂದೆ ಕೂತು ಮಾಡುವ ಕೆಲಸವೇ ಹೊರತು ಮರದ ಮೇಲಿನ ಮಚಾನಿನದಲ್ಲ. ಬೆಲೆ ಸಾವಿರ ಡಾಲರಿನಿಂದ ಮೇಲಕ್ಕೆ, ಪ್ರೋ ಮಾದರಿಗಳಂತೂ ಅದಕ್ಕಿಂತ ಬಹಳ ಮುಂದೆ. ಇದೇ ಸಾಲಿನ .40 ಕ್ಯಾಲಿಬರಿನ ಮಾದರಿ ಇನ್ನೂ ಹಗುರವಾದ ಗುಂಡನ್ನು ಇನ್ನೂ ವೇಗವಾಗಿ ಕಳಿಸುತ್ತದೆ. ಆದರೆ ಅದನ್ನು ಒಪ್ಪದ ರಾಜ್ಯಗಳು .45 ಒಪ್ಪದವುಗಳಿಗಿಂತಲೂ ಹೆಚ್ಚು. ಜಿಂಕೆ ಮತ್ತು ಪ್ರಾಂಗ್‌ಹಾರ್ನ್ (ಹುಲ್ಲೆಯಂಥ ಪ್ರಾಣಿ) ಬಿಟ್ಟು ಬೇರೆ ಏನನ್ನೂ ಬೇಟೆಯಾಡದವರಿಗೆ ಮಾತ್ರ ಅದು ಸರಿ.

ಈ ಎಲ್ಲ ಕಾರಣಗಳಿಂದ ನಾನು ಹೆಚ್ಚಿನವರಿಗೆ ಹೇಳುವ ಹೆಸರು ಅಕ್ಯುರಾ ಎಲ್‌ಆರ್-ಎಕ್ಸ್. ನಡುವೆ ಮುರಿದು ತೆರೆಯುವ ವಿನ್ಯಾಸದ ಈ ರೈಫಲ್‌ಗೆ 30 ಇಂಚಿನ ಬೆರ್ಗಾರಾ ನಳಿಗೆಯಿದೆ. ಬೋಲ್ಟ್‌ನ ಉದ್ದ ಇಲ್ಲದಿರುವುದರಿಂದ ಒಟ್ಟು ಅಳತೆಯಲ್ಲಿ ಅದು ಭಯಪಡುವಷ್ಟು ಉದ್ದವಾಗುವುದಿಲ್ಲ. ಪ್ಯಾರಾಮೌಂಟ್‌ಗಿಂತ ಸಾಕಷ್ಟು ಹಗುರ, ಬೆಲೆ ಆರೇಳುನೂರು ಡಾಲರಿನ ಆಸುಪಾಸು. .45 ಮತ್ತು .50 ಎರಡೂ ದೊರೆಯುವುದರಿಂದ ರಾಜ್ಯದ ನಿಯಮ ನೋಡಿಕೊಂಡು ಆರಿಸಬಹುದು. ಉದ್ದನೆಯ ನಳಿಗೆಯ ಪ್ರಯೋಜನ ಇಲ್ಲಿ ನಿಜವಾದದ್ದು, ಏಕೆಂದರೆ ಮಝಲ್‌ಲೋಡರ್‌ನ ಮದ್ದು ಪ್ರಮಾಣದಲ್ಲಿ ಹೆಚ್ಚು, ಅದು ಪೂರ್ತಿ ಉರಿದು ಗುಂಡನ್ನು ತಳ್ಳಲು ಜಾಗ ಬೇಕು. ಪ್ಯಾರಾಮೌಂಟ್‌ನಷ್ಟು ಮದ್ದನ್ನು ಇದಕ್ಕೆ ತುಂಬುವಂತಿಲ್ಲ, ಹಾಗಾಗಿ ಅದರ ವೇಗವೂ ಸಿಗದು. ಆದರೆ 200ರಿಂದ 250 ಗಜದೊಳಗೆ ಈ ಎರಡು ರೈಫಲ್‌ಗಳ ವ್ಯತ್ಯಾಸವನ್ನು ಜಿಂಕೆ ಗುರುತಿಸಲಾರದು. ಮುನ್ನೂರು ಡಾಲರಿನ ಸುಮಾರಿಗೆ ಸಿಗುವ ಸಿವಿಎ ವುಲ್ಫ್ ಕೂಡ ನೂರೈವತ್ತು ಗಜದವರೆಗೆ ಪ್ರಾಮಾಣಿಕ ಕೆಲಸಗಾರ. ಅದನ್ನು ದೂರಗಾಮಿ ಎಂದು ಕರೆಯುವುದು ಮಾತ್ರ ಅತಿಶಯ.

ಮದ್ದಿನ ಬಗ್ಗೆ. ಕಪ್ಪು ಮದ್ದಿಗೆ ಬದಲಿಯಾಗಿ ಬಂದ ಪೈರೋಡೆಕ್ಸ್ ಮತ್ತು ಟ್ರಿಪಲ್ ಸೆವೆನ್ ಇಂದಿಗೂ ಎಲ್ಲೆಡೆ ಸಿಗುತ್ತವೆ, ಕಡಿಮೆ ಖರ್ಚಿನವು ಕೂಡ. ಆದರೆ ಎರಡೂ ನಳಿಗೆಯಲ್ಲಿ ಗಸಿ ಉಳಿಸುತ್ತವೆ. ಟ್ರಿಪಲ್ ಸೆವೆನ್ ಗುಂಡು ಕೂರುವ ಜಾಗದಲ್ಲೇ ಗಟ್ಟಿಯಾದ ಉಂಗುರವನ್ನು ಕಟ್ಟುವುದರಿಂದ ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಹಾಯಿಸದಿದ್ದರೆ ಎರಡನೆಯ ಗುಂಡು ಮೊದಲನೆಯದರ ಜಾಗಕ್ಕೆ ಇಳಿಯುವುದಿಲ್ಲ. 2008ರಲ್ಲಿ ಬಂದ ಬ್ಲ್ಯಾಕ್‌ಹಾರ್ನ್ 209 ಈ ತೊಂದರೆಯನ್ನು ಬಹುತೇಕ ನಿವಾರಿಸಿದೆ. ಈಡಿನ ನಡುವೆ ಒರೆಸಬೇಕಿಲ್ಲ, ತೇವವನ್ನು ಹೀರುವುದು ಕಡಿಮೆ, ನಳಿಗೆಯನ್ನು ತಿನ್ನುವುದೂ ಇಲ್ಲ. ದೂರದ ಹೊಡೆತಕ್ಕೆ ಬೇರೆ ಮದ್ದನ್ನು ನಾನು ಸೂಚಿಸಲಾರೆ. ಆದರೆ ಅದು ದುಬಾರಿ. ಹತ್ತು ಔನ್ಸಿನ ಡಬ್ಬಿಯಲ್ಲಿ ಇರುವುದು 4,375 ಗ್ರೇನ್; ಪ್ಯಾರಾಮೌಂಟ್‌ನ ಭಾರಿ ತುಂಬಿಗೆ ನಲವತ್ತು ಈಡೂ ಬರುವುದಿಲ್ಲ. ಸಾಮಾನ್ಯ ರೈಫಲ್‌ಗಳಲ್ಲಿ ಅದರ ಮಿತಿ ಅಳತೆಗೊಳವೆಯ 120 ಗ್ರೇನ್, ಅಂದರೆ ತಕ್ಕಡಿಯಲ್ಲಿ 84 ಗ್ರೇನ್. ಈ ಮದ್ದು ಹಗುರವಾದ್ದರಿಂದ ಗೊಳವೆಯ ಅಂಕಿಯ ಹತ್ತರಲ್ಲಿ ಏಳು ಪಾಲು ಮಾತ್ರ ನಿಜವಾದ ತೂಕ. ಈ ಎರಡು ಲೆಕ್ಕಗಳನ್ನು ಬೆರೆಸಿಬಿಟ್ಟು, ತಕ್ಕಡಿಯಲ್ಲಿ 120 ಗ್ರೇನ್ ತೂಗಿ ಸುರಿಯುವುದು ಅಪಾಯದ ಕೆಲಸ. ನಿಖರತೆ ಬೇಕಾದವರು ಮನೆಯಲ್ಲೇ ತಕ್ಕಡಿಯಲ್ಲಿ ತೂಗಿ, ಒಂದೊಂದು ಈಡಿನ ಮದ್ದನ್ನು ಒಂದೊಂದು ಕೊಳವೆಯಲ್ಲಿ ತುಂಬಿಟ್ಟುಕೊಳ್ಳುವುದು ಒಳ್ಳೆಯದು.

ಬ್ಲ್ಯಾಕ್‌ಹಾರ್ನ್ ಹೊತ್ತಿಕೊಳ್ಳಲು ತೀಕ್ಷ್ಣವಾದ ಬೆಂಕಿ ಬೇಕು. 209 ಪ್ರೈಮರಿನ ರೈಫಲ್‌ಗಳಲ್ಲಿ ಸಿಸಿಐ 209ಎಂ ಅಥವಾ ಫೆಡರಲ್ 209ಎ ತರಹದ ಬಿರುಸಿನ ಪ್ರೈಮರ್‌ಗಳನ್ನೇ ಬಳಸಬೇಕು; ಮಝಲ್‌ಲೋಡರ್‌ಗೆಂದು ಮಾರುವ ಮೃದು ಪ್ರೈಮರ್‌ಗಳು ಇದಕ್ಕೆ ಸಾಲವು. ನಳಿಗೆಯ ಹಿಂದಿನ ಬಿರಡೆ, ಅಂದರೆ ಬ್ರೀಚ್ ಪ್ಲಗ್, ಈ ಮದ್ದಿಗೆ ಹೊಂದುವಂಥದ್ದೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಅದರ ಬೆಂಕಿದಾರಿಯಲ್ಲಿ ಗಟ್ಟಿ ಇಂಗಾಲ ಕಟ್ಟಿಕೊಳ್ಳುವುದನ್ನು ಎಂಟನೇ ಒಂದು ಇಂಚಿನ ಡ್ರಿಲ್ ಮೊನೆಯಿಂದ, ಯಂತ್ರಕ್ಕೆ ಸಿಕ್ಕಿಸದೆ ಬರಿಗೈಯಲ್ಲಿ ತಿರುಗಿಸಿ ತೆಗೆಯುವುದು ರೂಢಿಯಾದ ಉಪಾಯ. ತಡವಾಗಿ ಹಾರುವ ಈಡುಗಳ ಬಗ್ಗೆ ದೂರುವ ಅನೇಕರು ಈ ಚಿಕ್ಕ ದಾರಿಯೊಳಗೆ ಒಮ್ಮೆಯೂ ಇಣುಕಿ ನೋಡಿರುವುದಿಲ್ಲ.

ಟ್ರಡಿಶನ್ಸ್ ಕಂಪನಿಯ ನೈಟ್ರೋಫೈರ್ ಇನ್ನೊಂದು ದಾರಿ ಹಿಡಿದಿದೆ. 2020ರಲ್ಲಿ ಫೆಡರಲ್ ಕಂಪನಿ ಪರಿಚಯಿಸಿದ ಫೈರ್‌ಸ್ಟಿಕ್ ಎಂಬ ಮುಚ್ಚಿದ ಕೊಳವೆಯಲ್ಲಿ ಮದ್ದು ಮೊದಲೇ ಅಳೆದು ತುಂಬಿರುತ್ತದೆ. ಗುಂಡನ್ನು ಮಾತ್ರ ಬಾಯಿಯಿಂದ ತಳ್ಳಿ, ಮದ್ದಿನ ಕೊಳವೆಯನ್ನು ಹಿಂದಿನಿಂದ ಸೇರಿಸಬೇಕು. ಅಳತೆಯಲ್ಲಿ ತಪ್ಪಾಗುವುದಿಲ್ಲ, ಮಳೆಗೆ ಮದ್ದು ನೆನೆಯುವುದಿಲ್ಲ, ಬೇಟೆ ಮುಗಿದ ಮೇಲೆ ಕೊಳವೆ ಹೊರತೆಗೆದರೆ ಕೋವಿ ಆ ಕ್ಷಣವೇ ನಿರಪಾಯ. ಸುರಕ್ಷತೆಯ ದೃಷ್ಟಿಯಿಂದ ನನಗೆ ಬಹಳ ಹಿಡಿಸಿದ ವಿನ್ಯಾಸವಿದು. ಆದರೆ ಮೂರು ತೊಡಕುಗಳಿವೆ. ಮದ್ದು ಹಿಂದಿನಿಂದ ಹೋಗುವುದರಿಂದ ಹಲವು ರಾಜ್ಯಗಳು ಇದನ್ನು ಮಝಲ್‌ಲೋಡರ್ ಅವಧಿಯಲ್ಲಿ ಒಪ್ಪುವುದಿಲ್ಲ. ಸಾಮಾನ್ಯ ಮಝಲ್‌ಲೋಡರ್‌ಗಳು 1968ರ ಬಂದೂಕು ನಿಯಂತ್ರಣ ಕಾಯ್ದೆಯಲ್ಲಿ ‘ಪುರಾತನ ಆಯುಧ’ದ ವಿವರಣೆಯೊಳಗೆ ಬರುವುದರಿಂದ ಒಕ್ಕೂಟದ ಕಾನೂನಿನ ಮಟ್ಟಿಗೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಕೊಳ್ಳಬೇಕೆಂದಿಲ್ಲ, ನೈಟ್ರೋಫೈರ್‌ಗೆ ಆ ವಿನಾಯಿತಿ ಸಿಕ್ಕಿಲ್ಲ. ದೂರದ ಹೊಡೆತಕ್ಕೆ ಬೇಕಾದಂತೆ ಮದ್ದಿನ ಪ್ರಮಾಣವನ್ನು ಒಂದೆರಡು ಗ್ರೇನ್ ಹೆಚ್ಚು ಕಡಿಮೆ ಮಾಡಿ ನೋಡುವ ಅವಕಾಶವೂ ಇಲ್ಲಿಲ್ಲ.

ಉಳಿದವುಗಳನ್ನು ಬೇಗ ನೋಡಿಬಿಡೋಣ. ರೆಮಿಂಗ್ಟನ್ 2014ರಲ್ಲಿ ತಂದ 700 ಅಲ್ಟಿಮೇಟ್ ತನ್ನ ಕಾಲಕ್ಕೆ ದಿಟ್ಟ ಹೆಜ್ಜೆ. ಹಳೆಯ ಸರಕಿನ ಮಾರುಕಟ್ಟೆಯಲ್ಲೂ ಅದನ್ನು ಹುಡುಕಬಹುದು. ವಯೋಮಿಂಗ್‌ನ ಗನ್‌ವರ್ಕ್ಸ್ ಕೈಕೆಲಸದ ಮಟ್ಟದಲ್ಲಿ ಕಟ್ಟಿಕೊಡುವ ಮಝಲ್‌ಲೋಡರ್ ಅದ್ಭುತ ವಸ್ತು, ಬೆಲೆಯೂ ಅದಕ್ಕೆ ತಕ್ಕಂತೆ ಹಲವು ಸಾವಿರ ಡಾಲರ್. ಹೊಗೆರಹಿತ ಮದ್ದಿನ ಮಾತು ಬಂದಾಗ ಸ್ಯಾವೇಜ್ 10ಎಂಎಲ್ ಹೆಸರು ತಪ್ಪದೆ ಬರುತ್ತದೆ. ಅದು ಹೊಗೆರಹಿತ ಮದ್ದಿಗೆಂದೇ ಕಟ್ಟಿದ್ದು, ಈಗ ಕಂಪನಿ ಅದನ್ನು ತಯಾರಿಸುತ್ತಿಲ್ಲ. ಅದಕ್ಕೆಂದು ಕಟ್ಟದ ಯಾವುದೇ ಮಝಲ್‌ಲೋಡರ್‌ಗೆ ಹೊಗೆರಹಿತ ಮದ್ದು ಒಂದು ಚಿಟಿಕೆಯೂ ಸೇರಕೂಡದು. ಕೈ, ಕಣ್ಣು ಕಳೆದುಕೊಳ್ಳುವ ಹಾದಿ ಅದು.

ಕುದುರೆಯ (ಟ್ರಿಗರ್) ಎಳೆತ, ಹಿಡಿಯ ಬಣ್ಣ, ಮರೆವೇಷದ ಚಿತ್ತಾರ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಬೆಲೆಯ ರೈಫಲ್‌ಗಳೆಲ್ಲ ಆ ವಿಷಯದಲ್ಲಿ ತೃಪ್ತಿಕರವೇ. ಸ್ಕೋಪ್ ಮಾತ್ರ ಬೇರೆ ಮಾತು. ಇಳಿತ ಅಡಿಗಳ ಲೆಕ್ಕದಲ್ಲಿರುವ ಕೋವಿಗೆ ಎತ್ತರ ತಿರುಗಿಸುವ ಗುಂಡಿ ನಂಬಿಕಸ್ಥವಾಗಿರಬೇಕು, ತಿರುಗಿಸಿದಷ್ಟೇ ಸರಿಯಬೇಕು, ಶೂನ್ಯಕ್ಕೆ ಮರಳಬೇಕು. ಭಾರಿ ಹಿಂದೊದೆತಕ್ಕೆ ಅಗ್ಗದ ಸ್ಕೋಪ್‌ನ ಒಳಗಿನ ಗಾಜು ಸಡಿಲವಾಗುವುದು ಅಪರೂಪವಲ್ಲ. ಕಣ್ಣಿನಿಂದ ಸಾಕಷ್ಟು ಅಂತರ ಉಳಿಯುವಂತೆ ಕೂರಿಸದಿದ್ದರೆ ಹುಬ್ಬಿಗೆ ಗಾಯವೂ ಖಚಿತ. ಜೊತೆಗೆ ಲೇಸರ್ ದೂರಮಾಪಕ ಬೇಕೇ ಬೇಕು. 250 ಗಜವೆಂದು ಊಹಿಸಿದ್ದು 300 ಆಗಿದ್ದರೆ ತೋಟಾ ರೈಫಲ್ ಆ ತಪ್ಪನ್ನು ಸಹಿಸೀತು, ಮಝಲ್‌ಲೋಡರ್ ಸಹಿಸದು.

ಗುರಿ ಮೈದಾನದಲ್ಲಿ ಮಾಡಬೇಕಾದ ಪರೀಕ್ಷೆಯೂ ತೋಟಾ ರೈಫಲ್‌ನಂತಲ್ಲ. ಬಿಸಿಯಾದ ನಳಿಗೆಯಿಂದ ಒಂದರ ಹಿಂದೆ ಒಂದು ಹೊಡೆದು ಪಡೆದ ಸುಂದರ ಗುಂಪು ಬೇಟೆಯ ದಿನಕ್ಕೆ ಏನನ್ನೂ ಹೇಳುವುದಿಲ್ಲ. ಅಂದು ಸಿಗುವುದು ತಣ್ಣನೆಯ ನಳಿಗೆಯಿಂದ ಒಂದೇ ಈಡು, ಮರುತುಂಬಿಸುವಷ್ಟರಲ್ಲಿ ಪ್ರಾಣಿ ಅಲ್ಲಿರುವುದಿಲ್ಲ. ಸ್ವಚ್ಛ ನಳಿಗೆಯ ಮೊದಲ ಗುಂಡು ಎಲ್ಲಿ ಬೀಳುತ್ತದೆ, ಒಂದು ಈಡು ಹಾರಿದ ನಳಿಗೆಯ ಗುಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಬೇರೆ ಬೇರೆ ದಿನಗಳಲ್ಲಿ ಹೊಡೆದು ಬರೆದಿಟ್ಟುಕೊಳ್ಳಬೇಕು. ವೇಗವನ್ನು ಸ್ವಂತ ಕ್ರೋನೋಗ್ರಾಫ್ ಎಂಬ ವೇಗಮಾಪಕದಿಂದಲೇ ಅಳೆಯಬೇಕು, ಏಕೆಂದರೆ ಪ್ರಚಾರಪತ್ರದ ಅಂಕಿ ಅವರ ನಳಿಗೆಯದು, ನಿಮ್ಮದಲ್ಲ. ಅತಿ ಹೆಚ್ಚು ಮದ್ದಿನಿಂದ ಶುರುಮಾಡುವ ಆಸೆಯನ್ನೂ ಬಿಡಬೇಕು; .50 ರೈಫಲ್‌ಗಳಲ್ಲಿ ಬಹಳ ಸಲ 100, 110 ಗ್ರೇನಿನ ಅಳತೆಯಲ್ಲೇ ಗುಂಪು ಚಿಕ್ಕದಾಗಿರುತ್ತದೆ, ಅದಕ್ಕಿಂತ ಮೇಲೆ ಹೋದಂತೆ ಒದೆತ ಹೆಚ್ಚುತ್ತದೆ, ಗುಂಪು ಹರಡುತ್ತದೆ. ತಣ್ಣನೆಯ ನಳಿಗೆಯ ಆ ಒಂದೊಂದೇ ಗುಂಡುಗಳು ಎಂಟು ಇಂಚಿನ ವೃತ್ತದೊಳಗೆ ಎಷ್ಟು ದೂರದವರೆಗೆ ತಪ್ಪದೆ ಬೀಳುತ್ತವೋ ಅದೇ ನಿಮ್ಮ ಕೋವಿಯ ದೂರ. ಅದು 180 ಗಜವಾದರೆ 180 ಗಜವೇ.

ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು. ಥಾಂಪ್ಸನ್ ಸೆಂಟರ್‌ನ ಎನ್‌ಕೋರ್, ಒಮೇಗಾದಂಥ ಒಳ್ಳೆಯ ರೈಫಲ್‌ಗಳು ಬಳಸಿದ ಸ್ಥಿತಿಯಲ್ಲಿ ಸಾಕಷ್ಟು ಸಿಗುತ್ತವೆ, ಮತ್ತು ಇನ್ನೂರು ಗಜದೊಳಗಿನ ಬೇಟೆಗೆ ಅವು ಇಂದಿಗೂ ಯಾವುದಕ್ಕೂ ಕಡಿಮೆಯಿಲ್ಲ. ಎನ್‌ಕೋರ್‌ಗೆ ತೋಟಾ ನಳಿಗೆಯನ್ನೂ ಅಳವಡಿಸಬಹುದಾದ್ದರಿಂದ ಕಾನೂನು ಅದನ್ನು ಸಾಮಾನ್ಯ ಬಂದೂಕೆಂದೇ ಪರಿಗಣಿಸುತ್ತದೆ ಎಂಬುದು ನೆನಪಿರಲಿ. ಮಾರುವವರ ಎದುರಿನಲ್ಲೇ ಬ್ರೀಚ್ ಪ್ಲಗ್ ಬಿಚ್ಚಿಸಿ. ಅದು ಅಲುಗದಿದ್ದರೆ, ಹಿಂದಿನ ಒಡೆಯ ಪೈರೋಡೆಕ್ಸ್ ಹೊಡೆದು ತೊಳೆಯದೆ ಮೂಲೆಗಿಟ್ಟಿದ್ದಾನೆಂದು ತಿಳಿಯಬಹುದು. ಬಿಚ್ಚಿಕೊಂಡರೆ ಹಿಂದಿನಿಂದ ಬೆಳಕು ಬಿಟ್ಟು ಬುಡದ ಮೊದಲ ಕೆಲವು ಇಂಚುಗಳನ್ನು ನೋಡಿ. ಗುಂಡು ಕೂರುವ ಜಾಗದಲ್ಲಿ ತುಕ್ಕಿನ ಗುಳಿಗಳು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಆ ಕೋವಿ ಬೇಡ.